ಮಗಳಿಗೊಂದು ಪತ್ರ: ತಪ್ಪು ಕೇಳಿಸುವಷ್ಟು ಜೋರಾಗಿ ನುಡಿಸು

ಪ್ರೀತಿಯ ಪುಟ್ಟಿ,

"ಅಪ್ಪಾ, ಈ ವಯಸ್ಸಲ್ಲಿ ಪಿಟೀಲು ನಂಗೆ ಬರಲ್ಲ ಅನ್ಸುತ್ತೆ, ಬಿಟ್ಬಿಡ್ಲಾ?" ಅಂತ ಕೇಳಿದೆಯಲ್ಲ, ಅದರ ಬಗ್ಗೆ ನಿಧಾನವಾಗಿ ಮಾತಾಡಬೇಕು. ಫೋನಿನಲ್ಲಿ ಆಡಿದ್ದು ಹಾರಿಹೋಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ.

ಅವತ್ತು ನೀನು ಇನ್ನೊಂದು ಮಾತನ್ನೂ ಹೇಳಿದೆ. ಪಕ್ಕದ ರೂಮಿನವರಿಗೆ ಕೇಳಿಸಬಾರದು ಅಂತ ಮೆತ್ತಗೆ ನುಡಿಸುತ್ತೀಯಂತೆ. ಪುಟ್ಟಿ, ತೊಂದರೆ ಶುರುವಾಗುವುದೇ ಅಲ್ಲಿ ಅಂತ ನನಗನಿಸುತ್ತೆ.

ಪಿಟೀಲಿನಲ್ಲಿ ನಾದ ಹೇಗೆ ಹುಟ್ಟುತ್ತೆ ನೋಡು. ಕಮಾನಿನ ಕೂದಲಿಗೆ ರಾಳ ಉಜ್ಜಿರುತ್ತೀಯಲ್ಲ, ಆ ಅಂಟಿನಿಂದ ಕೂದಲು ತಂತಿಯನ್ನು ಹಿಡಿದು ಒಂದಿಷ್ಟು ಎಳೆಯುತ್ತೆ. ತಂತಿ ಜಾರಿ ಹಿಂದಕ್ಕೆ ಹೋಗುತ್ತೆ. ಮತ್ತೆ ಹಿಡಿಯುತ್ತೆ, ಮತ್ತೆ ಜಾರುತ್ತೆ. ಸೆಕೆಂಡಿಗೆ ನೂರಾರು ಸಲ ಹೀಗಾಗುತ್ತೆ. ಕಮಾನಿಗೆ ತೂಕ ಜಾಸ್ತಿ ಕೊಟ್ಟರೆ ಕರಕರ ಅನ್ನುತ್ತೆ, ನಿಜ. ಆದರೆ ಹೆದರಿ ಹೆದರಿ ತಂತಿಯ ಮೇಲೆ ತೇಲಿಸಿದರೆ ಹಿಡಿತವೇ ಸಿಗುವುದಿಲ್ಲ, ಕೀರಲು ದನಿ ಬರುತ್ತೆ. ಅದನ್ನು ಕೇಳಿ ನೀನು ಇನ್ನಷ್ಟು ಮೆತ್ತಗೆ ಎಳೆಯುತ್ತೀಯ, ದನಿ ಇನ್ನಷ್ಟು ಕೆಡುತ್ತೆ. ಆಮೇಲೆ "ನನ್ನ ಕೈಗೆ ಇದು ಒಗ್ಗಲ್ಲ" ಅಂತ ತೀರ್ಮಾನ ಮಾಡಿಬಿಡುತ್ತೀಯ. ನೀನು ಕೇಳಿಸಿಕೊಂಡಿದ್ದು ಹೆದರಿದ ಕೈಯ ದನಿ, ಅಷ್ಟೇ. ಹೆದರದ ಕೈ ಹೇಗೆ ನುಡಿಸುತ್ತೆ ಅಂತ ನಿನಗಿನ್ನೂ ಗೊತ್ತೇ ಇಲ್ಲ.

ಏನನ್ನೇ ಕಲಿಯುವಾಗಲೂ ಹೀಗೇ ಆಗುತ್ತೆ. ಈಜು ಕಲಿಯುವವರು ಭಯಕ್ಕೆ ತಲೆಯನ್ನು ನೀರಿನ ಮೇಲೆ ಎತ್ತಿ ಹಿಡಿಯುತ್ತಾರೆ. ತಲೆ ಎತ್ತಿದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತವೆ. ಹೊಸ ಭಾಷೆ ಕಲಿಯುವವರು ತಪ್ಪಾದೀತು ಅಂತ ಬಾಯೊಳಗೇ ಗೊಣಗುತ್ತಾರೆ. ಎದುರಿನವರು "ಏನಂದ್ರಿ?" ಅಂದರೆ ಸಾಕು, ಮಾತು ನಿಂತೇಹೋಗುತ್ತೆ.

ಅಪಸ್ವರ ಜಾಸ್ತಿ ಆಗುತ್ತಿದೆ ಅಂದೆ. ನಿಜವಾಗಿಯೂ ಜಾಸ್ತಿ ಆಗಿದೆಯಾ, ಅಥವಾ ಈಗೀಗ ಗೊತ್ತಾಗುತ್ತಿದೆಯಾ? ಪಿಟೀಲಿಗೆ ಗಿಟಾರಿನ ಹಾಗೆ ಸ್ವರದ ಜಾಗ ಗುರುತಿಸುವ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ಬದಲಾಗುತ್ತೆ. ಶುರುವಿನಲ್ಲಿ ಅದು ನಿನಗೆ ಕೇಳಿಸುತ್ತಲೇ ಇರಲಿಲ್ಲ, ಖುಷಿಯಾಗಿ ನುಡಿಸುತ್ತಿದ್ದೆ. ಈಗ ಕಿವಿ ಚುರುಕಾಗಿದೆ, ಬೆರಳು ಇನ್ನೂ ಅಲ್ಲಿಗೆ ಬಂದಿಲ್ಲ. ಈ ನಡುವಿನ ಕಾಲ ಬಹಳ ಕಷ್ಟದ್ದು. ತುಂಬಾ ಜನ ಕಲಿಯುವುದನ್ನು ಬಿಡುವುದು ಇಲ್ಲೇ ಅನಿಸುತ್ತೆ, ನನಗೆ ಬೇಜಾರಾಗುವುದೂ ಅದಕ್ಕೇ.

ಮುಂದಕ್ಕೇ ಹೋಗುತ್ತಿಲ್ಲ ಅಂತಲೂ ಹೇಳಿದೆ. 1890ರ ದಶಕದಲ್ಲಿ ಬ್ರಯಾನ್ ಮತ್ತು ಹಾರ್ಟರ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದಲ್ಲಿ ಟೆಲಿಗ್ರಾಫ್, ಅಂದರೆ ತಂತಿ ಸಂದೇಶ, ಕಲಿಯುವವರನ್ನು ವಾರವಾರವೂ ಗಮನಿಸಿದ್ದರು. ಕಟಕಟ ಸದ್ದು ಕೇಳಿ ಸಂದೇಶ ಬರೆದುಕೊಳ್ಳುವ ವೇಗ ಸ್ವಲ್ಪ ದಿನ ಏರುತ್ತಿತ್ತು, ಆಮೇಲೆ ವಾರಗಟ್ಟಲೆ ಅಲ್ಲೇ ನಿಲ್ಲುತ್ತಿತ್ತು, ಮತ್ತೆ ಏರುತ್ತಿತ್ತು. ಅವರು ಕೊಟ್ಟ ಕಾರಣ ನನಗೆ ಬಹಳ ಹಿಡಿಸಿತು. ಮೊದಲು ಕಿವಿಗೆ ಒಂದೊಂದೇ ಅಕ್ಷರ ಕೇಳುತ್ತೆ. ಅದು ಪೂರ್ತಿ ರೂಢಿಯಾದ ಮೇಲೆ ಇಡೀ ಪದವೇ ಒಟ್ಟಿಗೆ ಕೇಳತೊಡಗುತ್ತೆ, ಆಮೇಲೆ ಮಾತಿನ ತುಂಡುಗಳು. ವೇಗ ನಿಂತಂತೆ ಕಂಡ ಆ ದಿನಗಳಲ್ಲೇ ಈ ರೂಢಿ ಗಟ್ಟಿಯಾಗುತ್ತಿರುತ್ತೆ ಅನ್ನುವುದು ಅವರ ವಿವರಣೆ. ನೀನೀಗ ಸ್ವರ ಸ್ವರ ಹುಡುಕಿ ನುಡಿಸುತ್ತಿದ್ದೀಯ, ಅಲ್ವಾ? ಸಾಲು ಸಾಲಾಗಿ ಬರುವುದಕ್ಕೆ ಸಮಯ ಬೇಕು.

ಪಕ್ಕದ ರೂಮಿನವರ ವಿಷಯ. 2000ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಮುಜುಗರ ಆಗುವಂಥ ಚಿತ್ರವಿದ್ದ ಟೀ ಶರ್ಟ್ ಹಾಕಿಸಿ, ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಜನ ಕೂತಿದ್ದ ಕೋಣೆಯೊಳಗೆ ಕಳಿಸಿದರು. ಅಲ್ಲಿದ್ದವರಲ್ಲಿ ಸುಮಾರು ಅರ್ಧ ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರ ಲೆಕ್ಕ. ನಿಜವಾಗಿ ಗಮನಿಸಿದ್ದು ಕಾಲು ಭಾಗದಷ್ಟು ಜನ. ಪಿಟೀಲು ಗೋಡೆಯಾಚೆಗೂ ಕೇಳಿಸುತ್ತೆ, ಅದು ಸರಿ. ಒಂದು ಹೊತ್ತು ಗೊತ್ತು ಮಾಡಿಕೊಂಡು, ಈ ಅರ್ಧ ಗಂಟೆ ನುಡಿಸುತ್ತೇನೆ ಅಂತ ಅವರಿಗೆ ಮೊದಲೇ ಹೇಳಿಬಿಡು. ಅಷ್ಟು ಸಾಕು. ನಿನ್ನ ಒಂದೊಂದು ತಪ್ಪನ್ನೂ ಎಣಿಸುತ್ತಾ ಅವರು ಕೂತಿರುವುದಿಲ್ಲ.

"ನಿನಗೆ ಖಂಡಿತ ಬರುತ್ತೆ ಮಗಳೇ" ಅಂತ ಸುಮ್ನೆ ಬರೆದು ಮುಗಿಸಬಹುದಿತ್ತು. ಆದರೆ ಆಲ್ಬರ್ಟ್ ಬಂಡೂರ ಅನ್ನುವ ಮನಶ್ಶಾಸ್ತ್ರಜ್ಞ 1977ರಲ್ಲೇ ಬರೆದಿದ್ದರು: ನನ್ನಿಂದ ಆಗುತ್ತೆ ಅನ್ನುವ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಆಧಾರ ಸ್ವತಃ ಮಾಡಿ ಗೆದ್ದ ಅನುಭವ. ಬೇರೆಯವರ ಧೈರ್ಯದ ಮಾತು ಅಷ್ಟು ದಿನ ಬಾಳುವುದಿಲ್ಲ. ಹಾಗಾಗಿ ನಿನಗೆ ಬೇಕಿರುವುದು ಒಂದು ಚಿಕ್ಕ ಗೆಲುವು. ಇಡೀ ಪಾಠ ಬೇಡ. ಎಡವುವ ಆ ಒಂದೇ ಸಾಲು ತೆಗೆದುಕೋ. ವೇಗ ಅರ್ಧಕ್ಕೆ ಇಳಿಸು, ಕಮಾನು ಪೂರ್ತಿ ಎಳೆ, ತಪ್ಪಾದರೆ ತಪ್ಪು ಚೆನ್ನಾಗಿ ಕೇಳಿಸಲಿ. ಆಗ ಬೆರಳು ಎಲ್ಲಿ ಜಾರಿತು ಅಂತ ತಿಳಿಯುತ್ತೆ. ಮೆತ್ತಗೆ ನುಡಿಸಿದರೆ ತಪ್ಪೂ ಮಸುಕು, ತಿದ್ದುವುದು ಯಾವುದನ್ನು? ಬೇಸರವಾದರೆ ನಿಲ್ಲಿಸಿ ಮಲಗು. ಕೈ ಕಲಿತದ್ದು ನಿದ್ದೆಯಲ್ಲಿ ಇನ್ನಷ್ಟು ಊರುತ್ತೆ. ಮುಂದಿನ ಪಾಠಕ್ಕೆ ಹೋದಾಗ ಮೇಷ್ಟ್ರ ಮುಂದೆ ಮೊದಲು ಈ ಸಾಲನ್ನೇ ನುಡಿಸು, ಚೆನ್ನಾಗಿ ಬರುವುದನ್ನು ಆಮೇಲೆ ನುಡಿಸಿದರಾಯಿತು.

ಇಷ್ಟೆಲ್ಲ ಮಾಡಿ, ಪಿಟೀಲೇ ಇಷ್ಟವಿಲ್ಲ ಅನಿಸಿದರೆ ಬಿಡು ಕಂದಾ, ನಾನೇನೂ ಅನ್ನುವುದಿಲ್ಲ. ಬೇರೆ ಏನಾದರೂ ಕಲಿತರಾಯಿತು. ಆದರೆ ಈಗ, ಈ ಹೆದರಿಕೆಯಲ್ಲಿ ಆ ತೀರ್ಮಾನ ತೆಗೆದುಕೊಳ್ಳಬೇಡ.

ಭಾನುವಾರ ಫೋನ್ ಮಾಡಿದಾಗ ಆ ಸಾಲನ್ನು ನನಗೂ ಕೇಳಿಸು. ಸರಿಹೋಗಲಿ ಅಂತ ಕಾಯಬೇಡ, ಈಗ ಹೇಗಿದೆಯೋ ಹಾಗೇ. ಅಮ್ಮನನ್ನೂ ಕೂರಿಸಿಕೊಂಡಿರುತ್ತೇನೆ.

ಇಂತಿ ನಿನ್ನ,
ಅಪ್ಪ