ಬಲ್ಗೇರಿಯನ್ನಿನ 'ತಾ' ಬಿಡಿ ಪದವಲ್ಲ

ಮಾನ್ಯರೇ,

ಬಾಲ್ಕನ್ ಭಾಷೆಗಳನ್ನು ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವು ಬಲ್ಗೇರಿಯನ್ ಮತ್ತು ಮೆಸಿಡೋನಿಯನ್ನಿನ ನಿಶ್ಚಿತ ಉಪಪದವನ್ನು (ಇಂಗ್ಲಿಷಿನ the ಮಾಡುವ ಕೆಲಸ ಮಾಡುವುದನ್ನು) 'ನಾಮಪದದ ಕೊನೆಗೆ ಅಂಟಿಸಿ ಬರೆಯುವ ಬಿಡಿ ಪದ' ಎಂದಿದೆ. ಇದರಲ್ಲಿ ಎರಡು ತಪ್ಪುಗಳಿವೆ. ಅದು ನಾಮಪದಕ್ಕೇ ಅಂಟಬೇಕೆಂದಿಲ್ಲ. ಬಿಡಿ ಪದವೂ ಅಲ್ಲ.

ಬಲ್ಗೇರಿಯನ್ನಿನಲ್ಲಿ ಕ್ನಿಗಾ ಎಂದರೆ ಪುಸ್ತಕ. ಗೊತ್ತಿರುವ ಪುಸ್ತಕವಾದರೆ ಕ್ನಿಗಾತಾ. 'ಹೊಸ' ಸೇರಿದೊಡನೆ ತಾ ವಿಶೇಷಣಕ್ಕೆ ಸರಿಯುತ್ತದೆ: ನೊವಾತಾ ಕ್ನಿಗಾ. 'ನನ್ನ' ಸೇರಿದರೆ ಇನ್ನೂ ಮುಂದಕ್ಕೆ: ಮೊಯಾತಾ ನೊವಾ ಕ್ನಿಗಾ. ಈ ಓಡಾಟವನ್ನು ನೋಡಿಯೇ ಕೆಲವರು ಇದನ್ನು ಕ್ಲಿಟಿಕ್, ಅಂದರೆ ಪಕ್ಕದ ಪದಕ್ಕೆ ಒರಗಿ ನಿಲ್ಲುವ ಪುಟ್ಟ ಪದ, ಎನ್ನುತ್ತಾರೆ. ಆದರೆ 'ಬಹಳ ಚೆಂದದ ಪುಸ್ತಕ' ಎನ್ನುವಾಗ ರೂಪ ಮ್ನೊಗೊ ಹುಬಾವಾತಾ ಕ್ನಿಗಾ. ಮೊದಲ ಪದವಾದ ಮ್ನೊಗೊ (ಬಹಳ) ಎಂಬುದನ್ನು ಬಿಟ್ಟು ತಾ ವಿಶೇಷಣವನ್ನು ಹುಡುಕಿಕೊಂಡು ಹೋಗಿದೆ. ಬರೀ ಸ್ಥಾನ ನೋಡಿ ಕೂರುವ ಕ್ಲಿಟಿಕ್ ಹೀಗೆ ಆರಿಸುವುದಿಲ್ಲ.

ಕನ್ನಡದ 'ಊ' ಜೊತೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟ. ಅವನೂ, ನಿನ್ನೆಯೂ, ಬಂದರೂ: ಅದು ಲಿಂಗ ಕೇಳುವುದಿಲ್ಲ, ಪದದ ಜಾತಿ ಕೇಳುವುದಿಲ್ಲ. ಬಲ್ಗೇರಿಯನ್ ಉಪಪದ ಎರಡನ್ನೂ ಕೇಳುತ್ತದೆ. ಪದದ ಕೊನೆಯ ಸ್ವರವನ್ನೂ ಕೇಳುತ್ತದೆ. ಬಶ್ಟಾ (ತಂದೆ) ಪುಲ್ಲಿಂಗವಾದರೂ ಕೊನೆಗೆ ಆ ಇರುವುದರಿಂದ ಬಶ್ಟಾತಾ ಆಗುತ್ತದೆ. 'ಒಳ್ಳೆಯ ತಂದೆ' ಎಂದಾಗ ಮಾತ್ರ ದೊಬ್ರಿಯತ್ ಬಶ್ಟಾ, ಪುಲ್ಲಿಂಗದ ರೂಪ. ಇಲ್ಲಿ ದೊಬರ್ ಎಂಬ ವಿಶೇಷಣದ ಒಳಸ್ವರವೂ ಬಿದ್ದುಹೋಗಿದೆ. ನನ್ನ ಮಟ್ಟಿಗೆ ಇದೇ ಗಟ್ಟಿ ಸಾಕ್ಷ್ಯ: ಪಕ್ಕದ ಪದದ ಅಂಗವನ್ನು ಹೀಗೆ ಬದಲಿಸುವುದು ಪ್ರತ್ಯಯದ ನಡವಳಿಕೆ. ಎಲ್ಲಿ ಕೂರಬೇಕೆಂದು ಪದಗುಚ್ಛ ಹೇಳುತ್ತದೆ, ಯಾವ ರೂಪದಲ್ಲಿ ಎಂದು ಪದ ಹೇಳುತ್ತದೆ.

ಮೆಸಿಡೋನಿಯನ್ನಿನಲ್ಲಿ ಉಪಪದಕ್ಕೆ ಮೂರು ಸಾಲು ರೂಪಗಳಿವೆ: ಚೊವೆಕೊತ್ (ಆ ಮನುಷ್ಯ, ದೂರ ಹತ್ತಿರದ ಸೂಚನೆಯಿಲ್ಲ), ಚೊವೆಕೊವ್ (ನನ್ನ ಹತ್ತಿರದವನು), ಚೊವೆಕೊನ್ (ಅತ್ತ ದೂರದವನು). ಅಲ್ಲಿ ಒತ್ತು (ಉಚ್ಚಾರದಲ್ಲಿ ಒಂದು ಅಕ್ಷರಕ್ಕೆ ಕೊಡುವ ಹೆಚ್ಚಿನ ಬಲ) ಬೀಳುವುದು ಕೊನೆಯಿಂದ ಮೂರನೆಯ ಅಕ್ಷರದ ಮೇಲೆ. ವೊದೆನಿಚರಿ (ಗಿರಣಿಯವರು) ಎಂಬಲ್ಲಿ ಒತ್ತು 'ನಿ' ಮೇಲೆ. ಉಪಪದ ಸೇರಿ ವೊದೆನಿಚರಿತೆ ಆದಾಗ 'ಚ' ಮೇಲೆ. ಅಂದರೆ ಉಪಪದವೂ ಪದದ ಲೆಕ್ಕಕ್ಕೆ ಸೇರಿತು. ಆದರೆ ಇದೊಂದನ್ನೇ ನೆಚ್ಚಬಾರದು; ಆಜ್ಞಾರ್ಥಕ ಕ್ರಿಯಾಪದದ ನಂತರ ಬರುವ ಕ್ಲಿಟಿಕ್ ಸರ್ವನಾಮಗಳೂ ಒತ್ತಿನ ಲೆಕ್ಕಕ್ಕೆ ಬರುತ್ತವೆ.

ಲೇಖನದ ಪಟ್ಟಿಯಲ್ಲಿ ಬಲ್ಗೇರಿಯನ್ ಪುಲ್ಲಿಂಗಕ್ಕೆ ಒಂದೇ ರೂಪ ಕೊಟ್ಟಿದ್ದೀರಿ. ಶಿಷ್ಟ ಬರಹದಲ್ಲಿ ಎರಡಿವೆ. ಗ್ರಾದ್ (ನಗರ) ಕರ್ತೃವಾದರೆ ಗ್ರಾದತ್, ಕರ್ಮವಾದರೆ ಗ್ರಾದಾ. ಆಡುಮಾತಿನಲ್ಲಿ ಕೊನೆಯ 'ತ್' ಹೆಚ್ಚಾಗಿ ಕೇಳಿಸದ ಕಾರಣ ಬರೆಯುವಾಗ ಅಲ್ಲಿನವರೇ ತಪ್ಪುವುದುಂಟು. ತಿದ್ದುಪಡಿ ಹಾಕುವಾಗ ದಯವಿಟ್ಟು ಎರಡನ್ನೂ ಅಚ್ಚು ಮಾಡಿ.