ಓಡುವ ಹುಡುಗಿಯರಿಗೆ ಮೈದಾನ ತೆರೆಯಿರಿ

ಮಾನ್ಯರೇ,

ಸೇನಾ ಭರ್ತಿಗೆ ತಯಾರಿ ನಡೆಸುವ ಹುಡುಗಿಯರು ಈಗ ಬೈಲಹೊಂಗಲ, ಕಿತ್ತೂರು ಕಡೆಯ ಹಳ್ಳಿಗಳಲ್ಲೂ ಇದ್ದಾರೆ. ‘ಹೆಣ್ಣುಮಕ್ಕಳಿಗ್ಯಾಕ ಬೇಕು ಮಿಲಿಟರಿ? ಅವರ ಕಡೆಯಿಂದ ಆಗೂದಿಲ್ಲ’ ಎಂಬ ಮಾತನ್ನೂ ಅವರು ದಿನಾ ಕೇಳುತ್ತಾರೆ. ಆಗುತ್ತದೋ ಇಲ್ಲವೋ ಎಂಬುದು ರಣರಂಗದಲ್ಲಿ ಎಂದೋ ತೀರ್ಮಾನವಾಗಿದೆ.

ಇಂಗ್ಲೆಂಡಿನ ಹ್ಯಾನಾ ಸ್ನೆಲ್ ಗಂಡುವೇಷ ತೊಟ್ಟು, ಜೇಮ್ಸ್ ಗ್ರೇ ಎಂಬ ಹೆಸರಿನಲ್ಲಿ ನೌಕಾಸೈನ್ಯ ಸೇರಿ, 1748ರಲ್ಲಿ ನಮ್ಮ ಪುದುಚೇರಿಯ ಮುತ್ತಿಗೆಯಲ್ಲಿ ಕಾದಾಡಿ ಗಾಯಗೊಂಡಳು. 1750ರಲ್ಲಿ ತಾಯ್ನಾಡಿಗೆ ಮರಳಿದ ಮೇಲೆ ತಾನು ಹೆಣ್ಣೆಂದು ತಾನೇ ಹೇಳಿದಳು, ಪಿಂಚಣಿಯೂ ಮಂಜೂರಾಯಿತು. ಸರ್ಬಿಯಾದ ಮಿಲುಂಕಾ ಸಾವಿಚ್ ಇನ್ನೂ ಗಟ್ಟಿಗಿತ್ತಿ. ಕೂದಲು ಕತ್ತರಿಸಿ, ಗಂಡಸಿನ ಉಡುಪಿನಲ್ಲಿ 1912ರ ಬಾಲ್ಕನ್ ಯುದ್ಧಕ್ಕೆ ಹೋದಳು. ಮರುವರ್ಷ ಗಾಯಗೊಂಡು ಆಸ್ಪತ್ರೆ ಸೇರಿದಾಗ ಗುಟ್ಟು ಬಯಲಾಯಿತು. ದಾದಿಯಾಗು ಎಂದರೆ ಒಪ್ಪಲಿಲ್ಲ. ಹಟ ಹಿಡಿದು ತನ್ನ ದಂಡಿಗೇ ಮರಳಿದಳು. ಮುಂದೆ ಫ್ರಾನ್ಸ್ ಅವಳಿಗೆ ಲೀಜನ್ ಆಫ್ ಆನರ್ ಕೊಟ್ಟು ಗೌರವಿಸಿತು.

ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ವರ್ಷಗಟ್ಟಲೆ ಕೂತವಳು ನಾನು. ಯಾರ ಉತ್ತರ ಪತ್ರಿಕೆ ಎಂಬುದು ನಮಗೆ ಗೊತ್ತಿರುವುದಿಲ್ಲ, ಬರೆದದ್ದಕ್ಕೆ ಮಾತ್ರ ಅಂಕ. ಈ ಹೆಂಗಸರು ಪಾಸಾದದ್ದೂ ಹಾಗೆಯೇ.

ಮಲ್ಲಮ್ಮ ಹೆಂಗಸರ ಪಡೆ ಕಟ್ಟಿದ ಬೆಳವಡಿ ಇರುವುದು ನಮ್ಮ ತಾಲೂಕಿನಲ್ಲಿ. 2019ರ ಆಗಸ್ಟ್‌ನಲ್ಲಿ ಮಿಲಿಟರಿ ಪೊಲೀಸ್ ಹುದ್ದೆಗೆ ಮಹಿಳೆಯರ ಭರ್ತಿ ರ‍್ಯಾಲಿ ನಡೆದದ್ದು ಬೆಳಗಾವಿಯಲ್ಲಿ. ಈಗ ಯಾರೂ ವೇಷ ಹಾಕಬೇಕಿಲ್ಲ. ಆದರೆ 1,600 ಮೀಟರನ್ನು 8 ನಿಮಿಷದೊಳಗೆ ಓಡಬೇಕು, 10 ಅಡಿ ಉದ್ದ, 3 ಅಡಿ ಎತ್ತರ ಜಿಗಿಯಬೇಕು. ಎಲ್ಲಿ ಕಲಿಯಬೇಕು? ಮೈದಾನದ ಗೇಟಿಗೆ ಬೀಗ. ನಸುಕಿನ ಕತ್ತಲಲ್ಲಿ ಡಾಂಬರು ರಸ್ತೆಯ ಮೇಲೆಯೇ ಓಡುತ್ತಾರೆ. ಕಬ್ಬು ಹೇರಿದ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್ ಬಂತೆಂದರೆ ರಸ್ತೆ ಬಿಟ್ಟು ಜಾಲಿಕಂಟಿಗೆ ಇಳಿಯಬೇಕು. ಎಷ್ಟೋ ಟ್ರೇಲರ್‌ಗಳಿಗೆ ಹಿಂದಿನ ದೀಪವೇ ಇರುವುದಿಲ್ಲ. ಕಾಲಿಗೆ ಮುಳ್ಳು ಚುಚ್ಚಿಕೊಂಡು, ಕುಂಟುತ್ತಲೇ ಓಟ ಮುಗಿಸಿದ ಹುಡುಗಿಯನ್ನು ಕಣ್ಣಾರೆ ಕಂಡಿದ್ದೇನೆ.

ಜಿಲ್ಲಾಡಳಿತವು ತಾಲೂಕಿಗೊಂದಾದರೂ ಮೈದಾನವನ್ನು ಬೆಳಿಗ್ಗೆ 5ಕ್ಕೆ ತೆರೆಸಲಿ. ನಾಲ್ಕು ದೀಪ, ಒಂದು ಉಸುಕಿನ ಗುಂಡಿ, ನೀರಿರುವ ಶೌಚಾಲಯ ಸಾಕು. ಕಲಿಸಲು ನಮ್ಮಲ್ಲಿ ಊರೂರಿಗೂ ಮಾಜಿ ಸೈನಿಕರಿದ್ದಾರೆ, ಕರೆದರೆ ಬರುತ್ತಾರೆ. ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡುವ ಮೊದಲೇ ಇದು ಆಗಬೇಕು.

– ನಿವೃತ್ತ ಶಿಕ್ಷಕಿ, ಬೈಲಹೊಂಗಲ