ನೀನು ಹುಟ್ಟಿದ ವರ್ಷದ ವೈನ್

ಪ್ರೀತಿಯ ಗೆಳೆಯಾ,

1991ರ, ಫ್ರಾನ್ಸಿನ ಬೋರ್ಡೋ ಪ್ರದೇಶದ ರೆಡ್ ವೈನ್ ಸಿಕ್ಕರೆ ಹೇಳು ಅಂತ ಕೇಳಿದ್ದೆಯಲ್ಲ? ಇಲ್ಲಿ ಅಂಗಡಿಯಲ್ಲಿ ಆ ವರ್ಷದ ಹೆಸರೆತ್ತಿದರೆ '1990 ಇದೆ, ಅದನ್ನೇ ತಗೊಳ್ಳಿ' ಅನ್ನುತ್ತಾರೆ. 90 ಅಷ್ಟು ಒಳ್ಳೆಯ ವರ್ಷ, 91 ಅಷ್ಟು ಕಷ್ಟದ್ದು. ಕೊನೆಗೂ ಸಿಕ್ಕಿತು ಕಣೋ, ಅಲ್ಲಿನ ಸೇಂತ್ ಎಸ್ತೆಫ್ ಊರಿನ ವೈನ್ ತೋಟ ಶಾಟೊ ಮೊನ್‌ರೋಜ್. ಶನಿವಾರ ರಾತ್ರಿ ತೆರೆದೆವು.

ಮೊದಲು ಆ ವರ್ಷ ಏನಾಯಿತು ಅಂತ ಕೇಳು. ಏಪ್ರಿಲ್ ಹೊತ್ತಿಗೆ ಬಳ್ಳಿಗಳು ಚಿಗುರಿದ್ದವು. 20ರ ರಾತ್ರಿ ಕಳೆದು 21 ಬೆಳಗಾಗುವಷ್ಟರಲ್ಲಿ ಹಿಮ ಕಚ್ಚಿ ಎಳೆ ಚಿಗುರೆಲ್ಲ ಸುಟ್ಟು ಹೋಯಿತು. ಬೋರ್ಡೋದ ಪೊಮೆರೋಲ್, ಸೇಂತ್ ಎಮಿಲಿಯೋನ್ ಊರುಗಳ ಕಡೆ ಏಟು ಜಾಸ್ತಿ. ಪೊಮೆರೋಲಿನ ಹೆಸರಾಂತ ತೋಟ ಪೆಟ್ರೂಸ್‌ನವರು ಆ ವರ್ಷದ ವೈನನ್ನೇ ಹೊರತರಲಿಲ್ಲ. ಬಳ್ಳಿ ಸಾಯಲಿಲ್ಲ, ಮತ್ತೆ ಚಿಗುರಿತು. ಆದರೆ ಎರಡನೇ ಚಿಗುರಿನಲ್ಲಿ ಗೊಂಚಲು ಕಮ್ಮಿ, ಹಣ್ಣಾಗುವುದೂ ತಡ. ಒಂದೇ ತೋಟದಲ್ಲಿ ಒಂದು ಗೊಂಚಲು ಹಣ್ಣಾಗಿದ್ದರೆ ಪಕ್ಕದ್ದು ಇನ್ನೂ ಕಾಯಿ. ಆಗಸ್ಟಿನ ಬಿಸಿಲು ನೋಡಿ ಜನ ಆಸೆ ಇಟ್ಟುಕೊಂಡರು. ಕೊಯ್ಲಿನ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ನಮ್ಮ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಬೆಳೆಯುವವರು ಆಲಿಕಲ್ಲಿಗೆ ಹೆದರುತ್ತಾರಲ್ಲ, ಇವರ ಹೆದರಿಕೆ ಏಪ್ರಿಲ್ ರಾತ್ರಿಗಳದ್ದು.

ಹಾಗಾದರೆ ಮೊನ್‌ರೋಜ್ ಹೇಗೆ ಉಳಿಯಿತು? ಅದರ ತೋಟ ಇರುವುದು ಜಿರೋಂಡ್ ದಡಕ್ಕೆ ತೀರ ಹತ್ತಿರ. ಗರೋನ್, ಡೋರ್ಡೋನ್ ಎರಡೂ ನದಿ ಸೇರಿ ಸಮುದ್ರದ ಕಡೆ ಹೋಗುವ ಜಾಗ ಅದು. ಅಷ್ಟು ಅಗಲದ ನೀರು ಒಂದು ರಾತ್ರಿಯಲ್ಲಿ ತಣ್ಣಗಾಗುವುದಿಲ್ಲ, ದಡದ ಗಾಳಿಯನ್ನು ಸ್ವಲ್ಪ ಬೆಚ್ಚಗೆ ಇಡುತ್ತದೆ. ಹಿಮದ ರಾತ್ರಿ ಒಂದೆರಡು ಡಿಗ್ರಿ ಹೆಚ್ಚಿದ್ದರೂ ಬೆಳೆ ಕೈಗೆ ಸಿಗುತ್ತದೆ. ಒಳ್ಳೆಯ ತೋಟಕ್ಕೆ ನದಿ ಕಾಣಬೇಕು ಅಂತ ಈ ದಡದ ಮೆಡಾಕ್ ಪ್ರದೇಶದ ಜನ ಹೇಳುವುದು ಸುಮ್ನೆ ಅಲ್ಲ. ಲಾಟೂರ್, ಲೆಯೋವಿಲ್ ಲಾಸ್ ಕಾಸ್ ತೋಟಗಳು ಕೂಡ ನದಿಗೆ ಹತ್ತಿರ ಇದ್ದಿದ್ದಕ್ಕೇ ತಕ್ಕಮಟ್ಟಿಗೆ ಬಚಾವಾದವು.

ಈಗ ಬಾಟಲಿಯ ವಿಷಯ. ಹಳೇ ಕಾರ್ಕ್, ಮಾಮೂಲಿ ಸ್ಕ್ರೂ ಹಾಕಿದರೆ ಪುಡಿಯಾಗುತ್ತದೆ. ಎರಡು ತೆಳು ಅಲಗಿನ ಓಪನರ್ ಅನ್ನು ಕಾರ್ಕಿನ ಪಕ್ಕದಲ್ಲಿ ಇಳಿಸಿ, ತಿರುಗಿಸುತ್ತಾ ಎತ್ತಿದೆವು. ಅದರ ಕೆಳಗಿನ ಅರ್ಧ ಕಪ್ಪಗೆ ನೆನೆದಿತ್ತು. ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಹಿಡಿದು ನಿಧಾನಕ್ಕೆ ಜಗ್ಗಿಗೆ ಬಗ್ಗಿಸಿದೆ. ಗಷ್ಟು ಕತ್ತಿನ ತನಕ ಬಂದಾಗ ನಿಲ್ಲಿಸಿದೆ.

ಬಣ್ಣ ನಡುವೆ ಮಾಸಿದ ಕೆಂಪು, ಅಂಚಿನಲ್ಲಿ ಇಟ್ಟಿಗೆ. ಮೊದಲ ಐದು ನಿಮಿಷ ಮುಚ್ಚಿಟ್ಟ ಕೋಣೆಯ ವಾಸನೆ, ಆಮೇಲೆ ಅದು ಹೋಯಿತು. ತಂಬಾಕಿನ ಎಲೆ ಬಂತು, ಆಗಷ್ಟೇ ಚೂಪು ಮಾಡಿದ ಪೆನ್ಸಿಲ್ಲಿನ ಮರ ಬಂತು, ಮಳೆಯಲ್ಲಿ ನೆಂದ ತರಗೆಲೆ ಬಂತು. ಅದರ ಹಿಂದೆ ತೆಳುವಾಗಿ ದೊಣ್ಣೆ ಮೆಣಸಿನಕಾಯಿ. ಇದರಲ್ಲಿರುವ ಕ್ಯಾಬರ್ನೆ ದ್ರಾಕ್ಷಿ ಪೂರ್ತಿ ಹಣ್ಣಾಗದಿದ್ದರೆ ಆ ವಾಸನೆ ಉಳಿಯುತ್ತದೆ. ಅದನ್ನು ದೋಷ ಅನ್ನುವವರಿದ್ದಾರೆ. ಇಷ್ಟು ಹದದಲ್ಲಿ ಇದ್ದರೆ ನನಗೆ ಇಷ್ಟ. ಆ ಏಪ್ರಿಲ್, ಆ ಮಳೆ, ಎಲ್ಲ ಅಲ್ಲೇ ಸಿಗುತ್ತದೆ ಅಲ್ವಾ?

ಬಾಯಲ್ಲಿ ವೈನ್ ತೆಳು. ಹಣ್ಣಿನ ರುಚಿ ಕಮ್ಮಿ, ನಡುವೆ ಸ್ವಲ್ಪ ಖಾಲಿ. ಆದರೆ ಹುಳಿ ಚುರುಕಾಗಿದೆ, ಕೊನೆಗೆ ಹಸಿ ಅಡಿಕೆಯಂಥ ಒಗರು ನಾಲಿಗೆ ಹಿಡಿಯುತ್ತದೆ. ಹುರಿದ ಕುರಿಮಾಂಸದ ಜತೆ ಆ ಒಗರೂ ಮೆತ್ತಗಾಯಿತು. ಮುಕ್ಕಾಲು ಗಂಟೆ ತುಂಬ ಚೆನ್ನಾಗಿತ್ತು. ಆಮೇಲೆ ವಾಸನೆ ಒಂದೊಂದಾಗಿ ಹೋಗಿ ಬರೀ ಹುಳಿ ಉಳಿಯಿತು. ಅದಕ್ಕೇ ಹೇಳುತ್ತಿದ್ದೇನೆ, ಇದನ್ನು ಮುಂಚಿತವಾಗಿ ತೆರೆದಿಡಬಾರದು.

ಅದೇ ಮೊನ್‌ರೋಜ್‌ನ 1990ಕ್ಕೆ ದೊಡ್ಡ ಹೆಸರಿದೆ, ಇದು ಅದರ ಸಮಕ್ಕೆ ಬರುವುದಿಲ್ಲ. ಆದರೂ ಊಟದ ಜತೆ ಕುಡಿಯಲು ನಾನು ಇದನ್ನೇ ಆರಿಸಿಕೊಳ್ಳುತ್ತೇನೆ. ಹಾಗಂತ 91 ಅಂತ ಕಂಡದ್ದೆಲ್ಲ ಕೊಳ್ಳಬೇಡ. ಮೆಡಾಕ್‌ನದ್ದಾ, ನದಿ ಪಕ್ಕದ್ದಾ ನೋಡು. ಬಾಟಲಿಯಲ್ಲಿ ವೈನ್ ಭುಜದಿಂದ ಕೆಳಗೆ ಇಳಿದಿದ್ದರೆ ಮುಟ್ಟಲೇಬೇಡ.

ಅಂಗಡಿಯವರ ಹತ್ತಿರ ಇನ್ನೊಂದು ಬಾಟಲಿ ಇತ್ತು, ನಿನಗೆ ಅಂತ ತೆಗೆದಿಟ್ಟಿದ್ದೇನೆ. ಬರುವ ದಿನ ಮೊದಲೇ ತಿಳಿಸು. ಗಷ್ಟು ತಳಕ್ಕೆ ಕೂರಬೇಕಾದರೆ ಎರಡು ದಿನವಾದರೂ ನೆಟ್ಟಗೆ ನಿಲ್ಲಿಸಿಡಬೇಕು.

ನಿನ್ನ ಗೆಳೆಯ